ಸರೋವರ ಉಳಿಸಿದ ಸುಂಕದ ಕಾನೂನು

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಗೆ ಒತ್ತಿಕೊಂಡಂತಿರುವ ಗರ್ರಿ ದ್ವೀಪ 2023ರವರೆಗೂ ಸರ್ಕಾರಿ ದಾಖಲೆಗಳಲ್ಲಿ ಫ್ರೇಸರ್ ದ್ವೀಪವಾಗಿತ್ತು. ಸುಮಾರು 120 ಕಿ.ಮೀ. ಉದ್ದದ ಈ ನೆಲವೆಲ್ಲ ಹೆಚ್ಚುಕಡಿಮೆ ಮರಳೇ. ಜಗತ್ತಿನ ಅತಿ ದೊಡ್ಡ ಮರಳಿನ ದ್ವೀಪ ಎಂಬ ಹೆಸರು ಅದಕ್ಕಿದೆ. ರಜೆ ಕಳೆಯಲು ಬಂದವರು ಪೂರ್ವದಂಚಿನ ಉದ್ದನೆಯ ಕಡಲತೀರದಲ್ಲಿ ಜೀಪು ಓಡಿಸುತ್ತಾರೆ, ಒಳಗಿನ ಸಿಹಿನೀರಿನ ಸರೋವರಗಳಲ್ಲಿ ಈಜುತ್ತಾರೆ, ಮನುಷ್ಯರ ಕೈ ಸೋಕದ ಜಾಗ ನೋಡಿದೆವೆಂದು ಹಿಂತಿರುಗುತ್ತಾರೆ. ಆ ತೀರದಲ್ಲಿ ಹೆಚ್ಚು ಜನ ಫೋಟೊ ತೆಗೆಯುವುದು ಮಹೆನೊ ಎಂಬ ತುಕ್ಕು ಹಿಡಿದ ಹಡಗನ್ನು ಎಂಬುದು ತಮಾಷೆಯೇ ಸರಿ: ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆ ಹಡಗಾಗಿದ್ದ ಅದನ್ನು 1935ರಲ್ಲಿ ಗುಜರಿಗೆಂದು ಜಪಾನಿಗೆ ಎಳೆದೊಯ್ಯುವಾಗ ಚಂಡಮಾರುತ ಇಲ್ಲಿ ತಂದು ಹಾಕಿತು. ಕೈ ಸೋಕದ್ದು ಎಂಬ ನಂಬಿಕೆ ಚರಿತ್ರೆಯ ಮುಂದೆ ನಿಲ್ಲುವುದಿಲ್ಲ. ಈ ದ್ವೀಪದ ಮೇಲೆ ನೂರೈವತ್ತು ವರ್ಷ ಕೈಯಾಡಿದೆ. ಸರೋವರಗಳು ಉಳಿದದ್ದರಲ್ಲಿ ಅವುಗಳ ಚೆಲುವಿಗಿಂತ ಸುಂಕದ ಇಲಾಖೆಯ ಒಂದು ನಿಯಮದ ಪಾಲೇ ದೊಡ್ಡದು.

ಮರಳಿನಲ್ಲಿ ನೀರು ನಿಲ್ಲುವುದೇ ಒಂದು ಸೋಜಿಗ. ದಿಬ್ಬಗಳ ನಡುವಿನ ತಗ್ಗುಗಳಲ್ಲಿ ಎಲೆ, ತೊಗಟೆ ಕೊಳೆತು, ಆ ರಸ ಮರಳಿನ ಕಣಗಳನ್ನು ಬೆಸೆದು, ನೀರು ಇಂಗದ ಗಟ್ಟಿ ಪದರವೊಂದು ಕಟ್ಟಿಕೊಳ್ಳುತ್ತದೆ. ಅಂತರ್ಜಲ ಎಷ್ಟೋ ಕೆಳಗಿದ್ದರೂ ಮಳೆನೀರು ಈ ಪದರದ ಮೇಲೆಯೇ ನಿಲ್ಲುತ್ತದೆ. ಇಂಥ ಸರೋವರಗಳು ಇಲ್ಲಿ 40ರ ಆಸುಪಾಸಿನಲ್ಲಿವೆ. ಜಗತ್ತಿನಲ್ಲಿ ಗೊತ್ತಿರುವವುಗಳಲ್ಲಿ ಅದು ಅರ್ಧದಷ್ಟು. ಅವುಗಳಲ್ಲಿ ದೊಡ್ಡದಾದ ಬೂಮಂಜಿನ್ ಸುಮಾರು 200 ಹೆಕ್ಟೇರ್ ಹರಡಿದೆ. ಪ್ರವಾಸಿಗರು ಮುಗಿಬೀಳುವ ಮೆಕೆಂಜಿ ಸರೋವರಕ್ಕೆ ಯಾವ ಹೊಳೆಯೂ ಬಂದು ಸೇರುವುದಿಲ್ಲ, ಅದರಿಂದ ಹೊಳೆ ಹೊರಡುವುದೂ ಇಲ್ಲ. ನೀರು ಹುಳಿಗುಣದ್ದು, ಸಾರವಿಲ್ಲದ್ದು. ಪಾಚಿ ಬೆಳೆಯದೆ ತಿಳಿಯಾಗಿರುವುದು ಅದರಿಂದಲೇ. ಕೆಳಗಿನ ಪದರ ಒಡೆದರೆ ನೀರು ಮರಳಿನೊಳಗೆ ಇಳಿದುಹೋಗುತ್ತದೆ. ದಿಬ್ಬ ಅಗೆಯುವುದು ಇಲ್ಲಿ ಬರೀ ನೋಟ ಕೆಡಿಸುವ ಮಾತಾಗಿರಲಿಲ್ಲ ಎಂಬುದಕ್ಕೆ ಇಷ್ಟು ವಿವರ ಬೇಕಾಯಿತು.

ಈ ನೆಲದ ಮೂಲ ಜನ ಬುಚ್ಚಲ್ಲಾ. ಅವರು ಸಾವಿರಾರು ವರ್ಷ ತಿಂದು ಬಿಟ್ಟ ಚಿಪ್ಪುಗಳ ರಾಶಿಗಳು ತೀರದುದ್ದಕ್ಕೂ ಇವೆ. 1836ರಲ್ಲಿ ಸ್ಟರ್ಲಿಂಗ್ ಕ್ಯಾಸಲ್ ಎಂಬ ಹಡಗು ಒಡೆದು, ಕಪ್ತಾನ ಜೇಮ್ಸ್ ಫ್ರೇಸರ್ ಮತ್ತು ಅವನ ಹೆಂಡತಿ ಎಲೈಜಾ ಇಲ್ಲಿಗೆ ಬಂದು ಬಿದ್ದರು. ಕಪ್ತಾನ ಸತ್ತ, ಬದುಕಿ ಹೋದ ಎಲೈಜಾಳ ಕಥೆ ಲಂಡನ್ನಿನಲ್ಲಿ ಬಣ್ಣ ಕಟ್ಟಿಕೊಂಡು ಮಾರಾಟವಾಯಿತು, ಆ ಕಥೆಯಲ್ಲಿ ಬುಚ್ಚಲ್ಲಾ ಜನ ಕ್ರೂರಿಗಳಾದರು. 1851ರ ಕೊನೆಯಲ್ಲಿ ಫ್ರೆಡರಿಕ್ ವಾಕರ್‌ನ ನೇಟಿವ್ ಪೊಲೀಸ್ ಪಡೆ ಬಂದೂಕು ಹಿಡಿದು ದ್ವೀಪಕ್ಕಿಳಿಯಿತು. 1860ರಲ್ಲಿ ದ್ವೀಪವನ್ನು ಮೂಲನಿವಾಸಿಗಳಿಗೆಂದು ಕಾಯ್ದಿರಿಸಿದ ಸರ್ಕಾರ, ಬೆಲೆಬಾಳುವ ಮರ ಕಣ್ಣಿಗೆ ಬಿದ್ದದ್ದೇ ತಡ ಮಾತು ಹಿಂತೆಗೆದುಕೊಂಡಿತು. 1863ರಲ್ಲಿ ಕೊಡಲಿ ಬಂತು. ಸಮುದ್ರದ ಹುಳ ಕೊರೆಯದ ಸ್ಯಾಟಿನೇ ಮರ ಸೂಯೆಜ್ ಕಾಲುವೆಯ ಕೆಲಸಕ್ಕೂ ಲಂಡನ್ನಿನ ಟಿಲ್ಬರಿ ಹಡಗುಕಟ್ಟೆಗೂ ಹೋಯಿತು. 1897ರಲ್ಲಿ ಬೊಗಿಂಬಾ ಎಂಬಲ್ಲಿ ತೆರೆದ ಶಿಬಿರಕ್ಕೆ ಬುಚ್ಚಲ್ಲಾ ಜನರ ಜೊತೆ ಬೇರೆ ಕಡೆಯ ಮೂಲನಿವಾಸಿಗಳನ್ನೂ ತುಂಬಿದರು. ರೋಗರುಜಿನಗಳಿಗೆ ಅನೇಕರು ಸತ್ತರು. 1904ರಲ್ಲಿ ಅದು ಮುಚ್ಚಿದಾಗ ಉಳಿದವರಲ್ಲಿ ಬಹುಪಾಲು ಜನರನ್ನು ದೂರದ ಯರಾಬಾಗೆ ಸಾಗಿಸಿದರು. ದ್ವೀಪ ನಿರ್ಜನವಾಗಿ ಕಂಡದ್ದು ಹೀಗೆ. ಇಂದು ಪ್ರವಾಸಿಗರ ವಾಹನ ಓಡುವ ಕಾಡುದಾರಿಗಳಲ್ಲಿ ಹಲವನ್ನು ಕಡಿದದ್ದು ಮರ ಸಾಗಿಸಲೆಂದೇ. ಅವರು ಬುತ್ತಿ ಬಿಚ್ಚುವ ಸೆಂಟ್ರಲ್ ಸ್ಟೇಷನ್ ಆಗ ಅರಣ್ಯ ಇಲಾಖೆಯ ಠಾಣ್ಯ.

ಮರದ ಹಿಂದೆಯೇ ಮರಳಿನ ಆಸೆ ಹುಟ್ಟಿತು. ಈ ಮರಳಿನಲ್ಲಿ ರೂಟೈಲ್, ಜಿರ್ಕಾನ್, ಇಲ್ಮನೈಟ್ ಎಂಬ ಖನಿಜಗಳಿವೆ. ಕ್ವೀನ್ಸ್‌ಲ್ಯಾಂಡ್ ಸರ್ಕಾರ ಗುತ್ತಿಗೆ ಕೊಡಲು ತುದಿಗಾಲಲ್ಲಿತ್ತು. ಹತ್ತಿರದ ಮೇರಿಬರೊ ಪಟ್ಟಣದ ಜಾನ್ ಸಿಂಕ್ಲೇರ್ 1971ರಲ್ಲಿ ಫ್ರೇಸರ್ ದ್ವೀಪ ರಕ್ಷಣಾ ಸಂಘಟನೆ ಕಟ್ಟಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಗುತ್ತಿಗೆ ಅರ್ಜಿ ಪರಿಶೀಲಿಸುವ ಅಧಿಕಾರಿ ಸಾರ್ವಜನಿಕ ಹಿತವನ್ನೂ ನೋಡಬೇಕೆಂದು 1975ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್ ಹೇಳಿತು. ಆದರೂ ನೆಲ ರಾಜ್ಯದ್ದು, ಗಣಿ ರಾಜ್ಯದ್ದು. ಕೇಂದ್ರ ಸರ್ಕಾರದ ಕೈಯಲ್ಲಿದ್ದದ್ದು ಸುಂಕದ ನಿಯಮದಡಿ ಕೊಡುವ ರಫ್ತು ಪರವಾನಗಿ ಮಾತ್ರ. ಪರಿಸರ ಹಾಳಾಗುತ್ತದೆಂಬ ಕಾರಣಕ್ಕೆ ರಫ್ತು ತಡೆಯುವುದು ಸುಂಕದ ಅಧಿಕಾರದ ದುರ್ಬಳಕೆ ಎಂದು ಮರ್ಫಿಯೋರ್ಸ್ ಎಂಬ ಗಣಿ ಕಂಪನಿ ವಾದಿಸಿತು. ಹಾಗೇನಿಲ್ಲ ಎಂದು ಅದೇ ಹೈಕೋರ್ಟ್ 1976ರಲ್ಲಿ ತೀರ್ಪಿತ್ತಿತು. ಕೇಂದ್ರ ಸರ್ಕಾರ ನೇಮಿಸಿದ್ದ ವಿಚಾರಣಾ ಆಯೋಗದ ವರದಿಯೂ ಗಣಿಗೆ ಪ್ರತಿಕೂಲವಾಗಿ ಬಂದು, ಆ ವರ್ಷದ ಡಿಸೆಂಬರ್ ಕೊನೆಗೆ ರಫ್ತು ನಿಂತಿತು. ಕೊಳ್ಳುವವರು ಹೊರದೇಶದಲ್ಲಿದ್ದ ಸರಕಿಗೆ ರಫ್ತೇ ಇಲ್ಲವೆಂದ ಮೇಲೆ ಅಗೆದು ಫಲವೇನು? 

ಇಷ್ಟು ಸುಂದರ ಜಾಗವನ್ನು ಇಂದಲ್ಲ ನಾಳೆ ಹೇಗೂ ಉಳಿಸುತ್ತಿದ್ದರು, ಕಾನೂನಿಗೆ ಇಷ್ಟು ಶ್ರೇಯ ಏಕೆ ಎಂದು ಕೇಳಬಹುದು. ಇದಕ್ಕೆ ಉತ್ತರ ಅದೇ ಕರಾವಳಿಯಲ್ಲಿ, ದಕ್ಷಿಣಕ್ಕೆ ಬ್ರಿಸ್ಬೇನ್ ಬಳಿಯಿದೆ. ನಾರ್ತ್ ಸ್ಟ್ರಾಡ್‌ಬ್ರೋಕ್ ಕೂಡ ದೊಡ್ಡ ಮರಳಿನ ದ್ವೀಪ. ಅಲ್ಲಿಯೂ ದಿಬ್ಬಗಳ ನಡುವೆ ಸರೋವರಗಳಿವೆ, ಬಿಳಿ ತೀರಗಳಿವೆ, ರಜೆಗೆ ಬರುವ ಜನರಿದ್ದಾರೆ. ಅಲ್ಲಿ 1949ರಲ್ಲಿ ಶುರುವಾದ ಮರಳು ಗಣಿಗಾರಿಕೆ ನಿಂತದ್ದು 2019ರಲ್ಲಿ. ಚೆಲುವು ತನ್ನನ್ನು ತಾನು ಕಾಯುವಂತಿದ್ದರೆ ಅದು ಎಪ್ಪತ್ತು ವರ್ಷ ನಡೆಯುತ್ತಿರಲಿಲ್ಲ. ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಮೇರಿಬರೊದ ದುಡಿಯುವ ಜನ ಮೊದಲು ಗಣಿಯನ್ನು ಕಳೆದುಕೊಂಡರು, ದ್ವೀಪದ ಬಳಕೆಯನ್ನು ಪರಿಶೀಲಿಸಿದ ಟೋನಿ ಫಿಟ್ಜ್‌ಜೆರಾಲ್ಡ್ ಆಯೋಗದ ನಂತರ 1991ರಲ್ಲಿ ಮರ ಕಡಿಯುವುದನ್ನೂ ಕಳೆದುಕೊಂಡರು. ಆರಿಸಿ ಕಡಿದ ಕಾಡು ಪೂರ್ತಿ ನಾಶವಾಗಿರಲಿಲ್ಲ ಎಂಬ ಅವರ ಮಾತಿನಲ್ಲಿ ಸತ್ಯವಿದೆ. 1992ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಅವರು 120ಕ್ಕೂ ಹೆಚ್ಚು ವರ್ಷ ಕಡಿದ ಮೇಲೂ ಉಳಿದಿದ್ದ ಕಾಡನ್ನೇ. ಕಡಿದ ಕಾಡು ಮತ್ತೆ ಚಿಗುರಬಲ್ಲದು. ಅಗೆದ ದಿಬ್ಬದಲ್ಲಿ ಆ ಗಟ್ಟಿ ಪದರ ಮತ್ತೆ ಕಟ್ಟಲು ಸಾವಿರಾರು ವರ್ಷ ಬೇಕು. ನನಗೆ 1976ರ ನಿರ್ಧಾರ 1991ರದ್ದಕ್ಕಿಂತ ದೊಡ್ಡದಾಗಿ ಕಾಣುವುದು ಇದರಿಂದ.

ಗಣಿಯ ಜಾಗಕ್ಕೆ ಪ್ರವಾಸೋದ್ಯಮ ಬಂದರೆ ಹಾನಿ ತಪ್ಪಿತೇ ಎಂಬ ಪ್ರಶ್ನೆ ಉಳಿಯುತ್ತದೆ. ತಪ್ಪಲಿಲ್ಲ. ಒಳಹರಿವು, ಹೊರಹರಿವು ಎರಡೂ ಇಲ್ಲದ ಸರೋವರಕ್ಕೆ ಈಜುವವರ ಮೈಗೆ ಹಚ್ಚಿದ ಲೇಪ ಸೇರಿದರೆ ಅದನ್ನು ತೊಳೆದೊಯ್ಯುವ ನೀರಿಲ್ಲ. ತಿಂಡಿ ಎಸೆದು ಡಿಂಗೋ ಎಂಬ ಕಾಡುನಾಯಿಗಳ ಭಯ ಬಿಡಿಸಿದವರು ಪ್ರವಾಸಿಗರೇ. 2001ರಲ್ಲಿ ಬಾಲಕನೊಬ್ಬ ಅವುಗಳಿಗೆ ಬಲಿಯಾದ ಮೇಲೆ ಸರ್ಕಾರ ಹಲವು ಡಿಂಗೋಗಳನ್ನು ಕೊಲ್ಲಿಸಿತು. 2020ರಲ್ಲಿ ಅಕ್ರಮವಾಗಿ ಹೊತ್ತಿಸಿದ ಶಿಬಿರದ ಬೆಂಕಿ ದ್ವೀಪದ ಅರ್ಧದಷ್ಟನ್ನು ಸುಟ್ಟಿತು. ಹಾಗೆಂದು ಗಣಿಯನ್ನೂ ಪ್ರವಾಸೋದ್ಯಮವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು: ಬರುವವರ ಸಂಖ್ಯೆಯನ್ನು ತಗ್ಗಿಸಲು ಸಾಧ್ಯ, ತೋಡಿದ ಮರಳನ್ನು ಮೊದಲಿನಂತೆ ಜೋಡಿಸಲು ಸಾಧ್ಯವಿಲ್ಲ. ತಗ್ಗಿಸುವ ಅಧಿಕಾರ ಯಾರಿಗಿದೆ ಎಂಬಲ್ಲಿ ಮಾತ್ರ ಹಳೆಯ ಕಥೆಯೇ ಮುಂದುವರಿದಿದೆ. 2014ರಲ್ಲಿ ಫೆಡರಲ್ ನ್ಯಾಯಾಲಯ ಬುಚ್ಚಲ್ಲಾ ಜನರ ಭೂಹಕ್ಕನ್ನು ಒಪ್ಪಿತು, ಆದರೆ ಬೇರೆಯವರನ್ನು ಹೊರಗಿಡುವ ಹಕ್ಕು ಅದರಲ್ಲಿಲ್ಲ. ಬೇಟೆ, ಮೀನುಗಾರಿಕೆ, ಬಳಕೆಗೆ ನೀರು ಇಂಥವಕ್ಕೆ ಅದು ಸೀಮಿತ. ದ್ವೀಪಕ್ಕೆ ಬರುವ ವಾಹನಗಳಿಗೆ ಪರವಾನಗಿ ಕೊಡುವುದು ಈಗಲೂ ಕ್ವೀನ್ಸ್‌ಲ್ಯಾಂಡ್ ಸರ್ಕಾರ.