ಬಾಗಿಲಿಲ್ಲದ ಹೆಬ್ಬಾಗಿಲು

ಕೋಟೆಯ ಹೆಬ್ಬಾಗಿಲು ಅಂದರೆ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ? ಆನೆ ಗುದ್ದಿದರೂ ಅಲ್ಲಾಡದ ದಪ್ಪ ಹಲಗೆ, ಅದಕ್ಕೆ ಹೊಡೆದ ಕಬ್ಬಿಣದ ಮೊಳೆ, ಹಿಂದೆ ಅಗುಳಿ. ಜಪಾನಿನ ದಕ್ಷಿಣದ ತುದಿಗಿರುವ ಒಕಿನಾವಾದಲ್ಲಿ ಶುರಿ ಅನ್ನೋ ಕೋಟೆಯಿದೆ. ನಾಹಾ ನಗರದ ಮೋನೊರೈಲಿನಲ್ಲಿ ಶುರಿ ನಿಲ್ದಾಣಕ್ಕೆ ಬಂದು ಸ್ವಲ್ಪ ನಡೆದರೆ ಕೋಟೆಯ ಮೊದಲ ದ್ವಾರ ಸಿಗುತ್ತೆ. ಅದಕ್ಕೆ ಬಾಗಿಲೇ ಇಲ್ಲ! ನಾಲ್ಕು ಕೆಂಪು ಕಂಬ, ಮೇಲೆ ಎರಡು ಅಂತಸ್ತಿನ ಹೆಂಚಿನ ಮಾಡು, ನಡುವೆ ಒಂದು ಫಲಕ. ಹೆಸರು ಶುರೇಯ್‌ಮೊನ್. 'ಮೊನ್' ಅಂದರೆ ದರ್ವಾಜಾ. ಇದನ್ನು ನೋಡೋಕೆ ಟಿಕೆಟ್ ಬೇಡ.

ಫಲಕದ ಮೇಲೆ ನಾಲ್ಕು ಚೀನೀ ಅಕ್ಷರಗಳಿವೆ. ಅರ್ಥ, ಮರ್ಯಾದೆಯನ್ನು ಕಾಪಾಡುವ ನಾಡು. ಉರ್ದುವಿನಲ್ಲಾದರೆ ನಾನು 'ಅದಬ್' ಅನ್ನೋ ಮಾತನ್ನು ಬಳಸುತ್ತೇನೆ; ಅದು ಇಲ್ಲಿಗೆ ಇನ್ನೂ ಚೆನ್ನಾಗಿ ಹೊಂದುತ್ತೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಈ ದ್ವಾರ ಕಟ್ಟಿದವರು ಜಪಾನಿನ ಅರಸರಲ್ಲ. 1429ರಿಂದ 1879ರವರೆಗೆ ಇಲ್ಲಿ ರ್‍ಯುಕ್ಯು ಎಂಬ ಬೇರೆಯೇ ರಾಜ್ಯವಿತ್ತು. ಚೀನಾ, ಜಪಾನ್, ಕೊರಿಯಾ, ಆಗ್ನೇಯ ಏಷ್ಯಾ ಎಲ್ಲದರ ನಡುವೆ ಹಡಗು ಓಡಿಸಿ ಬದುಕಿದ ಪುಟ್ಟ ರಾಜ್ಯ. 16ನೇ ಶತಮಾನದಲ್ಲಿ ಶೋ ಸೇಯ್ ಎಂಬ ಅರಸನ ಕಾಲದಲ್ಲಿ ದ್ವಾರ ಎದ್ದಿತು. ಫಲಕದ ಮಾತು ಆಮೇಲೆ ಬಂದದ್ದು; ಚೀನಾದ ವಾನ್‌ಲಿ ಚಕ್ರವರ್ತಿ ಕಳಿಸಿದ ಪತ್ರದಿಂದ ತೆಗೆದದ್ದು. ಮೊದಮೊದಲು ಚೀನಾದ ರಾಯಭಾರಿಗಳು ಬಂದಾಗ ಮಾತ್ರ ಈ ಫಲಕ ಏರಿಸುತ್ತಿದ್ದರು, ಉಳಿದ ದಿನ ಬರೀ 'ಶುರಿ' ಎಂಬ ಫಲಕ. 17ನೇ ಶತಮಾನದಲ್ಲಿ ಅದು ಕಾಯಂ ಆಯಿತು. ರಾಯಭಾರಿಗಳು ಬಂದಾಗ ಅರಸ ಮಂತ್ರಿಗಳ ಸಮೇತ ಇಲ್ಲಿಗೇ ಬಂದು, ಮೂರು ಸಲ ಮಂಡಿಯೂರಿ ಒಂಬತ್ತು ಸಲ ತಲೆ ನೆಲಕ್ಕೆ ಮುಟ್ಟಿಸಬೇಕಿತ್ತು.

ಅದಬ್ ಎಷ್ಟು ದುಬಾರಿ ನೋಡಿ. 1609ರಲ್ಲಿ ಜಪಾನಿನ ಸತ್ಸುಮಾ ಸಂಸ್ಥಾನದ ಸೈನ್ಯ ದಂಡೆತ್ತಿ ಬಂದು ಅರಸ ಶೋ ನೇಯ್‌ನನ್ನು ಹಿಡಿದೊಯ್ದಿತು. ಆಮೇಲೆ ಅರಸನನ್ನು ವಾಪಸು ಕಳಿಸಿದರು, ಆದರೆ ಕಪ್ಪ ಸತ್ಸುಮಾಕ್ಕೂ ಹೋಗಬೇಕು, ಚೀನಾಕ್ಕೂ ಹೋಗಬೇಕು. ಚೀನಾದವರು ಬಂದಾಗ ಸತ್ಸುಮಾದ ಅಧಿಕಾರಿಗಳು ಕಣ್ಣಿಗೆ ಬೀಳದ ಹಾಗೆ ದೂರ ಸರಿದುಬಿಡುತ್ತಿದ್ದರು. ಇಬ್ಬರು ದೊಡ್ಡವರ ನಡುವೆ ಸಣ್ಣವರು ಹೀಗೆ ನಾಟಕ ಆಡಿದ್ದನ್ನು ಹೇಡಿತನ ಅನ್ನಲು ನನಗೆ ಮನಸ್ಸಿಲ್ಲ. ಹಾಗೆ ಆಡಿಯೇ ಅವರು ಇನ್ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ತಮ್ಮ ಅರಸೊತ್ತಿಗೆ ಉಳಿಸಿಕೊಂಡರು.

1879ರಲ್ಲಿ ಅದೂ ಮುಗಿಯಿತು. ಜಪಾನ್ ಸರಕಾರ ರಾಜ್ಯವನ್ನು ರದ್ದು ಮಾಡಿ ಒಕಿನಾವಾ ಪ್ರಾಂತ ಅಂತ ಹೆಸರಿಟ್ಟಿತು. ಕೊನೆಯ ಅರಸ ಶೋ ತಾಯ್ ಟೋಕಿಯೋಗೆ ಹೋಗಬೇಕಾಯಿತು, ಕೋಟೆಯಲ್ಲಿ ಸಿಪಾಯಿಗಳು ಬೀಡುಬಿಟ್ಟರು.

ಶಾಲೆಗಳಲ್ಲಿ ನಡೆದದ್ದನ್ನು ಒಬ್ಬ ಟೀಚರ್ ಆಗಿ ನಾನು ಬಿಟ್ಟು ಮುಂದೆ ಹೋಗಲಾರೆ. ಮನೆಮಾತು ಆಡಿದ ಮಗುವಿನ ಕೊರಳಿಗೆ ಒಂದು ಮರದ ಪಟ್ಟಿ ನೇತುಹಾಕ್ತಿದ್ದರು. ಇನ್ನೊಂದು ಮಗು ಅದೇ ತಪ್ಪು ಮಾಡಿ ಸಿಕ್ಕಿಬಿದ್ದರೆ ಪಟ್ಟಿ ಅದರ ಕೊರಳಿಗೆ. ಅಂದರೆ ಮಕ್ಕಳೇ ಮಕ್ಕಳನ್ನು ಕಾಯಬೇಕು. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಬೀದಿಯಲ್ಲಿ ಮತ್ತೊಂದು ಭಾಷೆ ಆಡಿ ಬೆಳೆದ ನಮಗೆ ಆ ಪಟ್ಟಿಯ ಭಾರವನ್ನು ಯಾರೂ ತೂಗಿ ಹೇಳಬೇಕಿಲ್ಲ, ಅಲ್ವಾ?

1945 ಬಂತು. ಅಷ್ಟರಲ್ಲಿ ಜಪಾನಿನ 32ನೇ ಸೇನೆ ಕೋಟೆಯ ಅಡಿಯಲ್ಲೇ ಸುಮಾರು ಒಂದು ಕಿಲೋಮೀಟರ್ ಸುರಂಗ ತೋಡಿ ತನ್ನ ಕೇಂದ್ರ ಮಾಡಿಕೊಂಡಿತ್ತು. ಮೇಲೆ ಮರ್ಯಾದೆಯ ಫಲಕ, ಕೆಳಗೆ ಯುದ್ಧದ ಕಚೇರಿ. ಒಕಿನಾವಾದ ಮಾತಿನಲ್ಲಿ ಮಾತಾಡಿದವರನ್ನು ಗೂಢಚಾರರೆಂದು ಶಿಕ್ಷಿಸಬೇಕು ಎಂಬ ಆಜ್ಞೆ ಆ ವರ್ಷದ ಏಪ್ರಿಲ್‌ನಲ್ಲಿ ಹೊರಟದ್ದು ಇದೇ ಸೇನೆಯಿಂದ. ಕೇಂದ್ರ ಇಲ್ಲಿದ್ದ ಕಾರಣಕ್ಕೇ ಅಮೆರಿಕದ ಗುಂಡುಗಳು ಕೋಟೆಯ ಮೇಲೆ ಸುರಿದವು. 1933ರಲ್ಲಿ ರಾಷ್ಟ್ರೀಯ ನಿಧಿ ಅಂತ ಘೋಷಿಸಿದ್ದ ಶುರೇಯ್‌ಮೊನ್ ಕೂಡ ನೆಲಸಮವಾಯಿತು. ಆ ಯುದ್ಧದಲ್ಲಿ ಒಕಿನಾವಾದ ಸುಮಾರು ನಾಲ್ವರಲ್ಲಿ ಒಬ್ಬರು ಸತ್ತರು ಎನ್ನುತ್ತಾರೆ.

ಹಾಗಾಗಿ ಇಂದು ನೀವು ನೋಡುವುದು 1958ರಲ್ಲಿ ಮತ್ತೆ ಕಟ್ಟಿದ ದ್ವಾರ. ಆಗ ಒಕಿನಾವಾ ಇನ್ನೂ ಅಮೆರಿಕದ ಆಡಳಿತದಲ್ಲಿತ್ತು. 1972ರಲ್ಲಷ್ಟೇ ಜಪಾನಿಗೆ ಮರಳಿದ್ದು. ಅರಮನೆಯ ಮುಖ್ಯ ಕಟ್ಟಡ ಏಳೋಕೆ 1992ರವರೆಗೆ ಕಾಯಬೇಕಾಯಿತು. ಎಲ್ಲ ಕಳೆದುಕೊಂಡ ಜನ ಅರಮನೆಗಿಂತ ಮೊದಲು ಈ ಬಾಗಿಲಿಲ್ಲದ ದ್ವಾರವನ್ನು ಎಬ್ಬಿಸಿದರು ಅನ್ನೋದು ಸಣ್ಣ ಮಾತಲ್ಲ.

'ಹಾಗಾದರೆ ಇದು ನಕಲಿ ಅಲ್ವಾ?' ಅಂತ ವಿದ್ಯಾರ್ಥಿಗಳು ಕೇಳಬಹುದು. ಒಳ್ಳೆಯ ಪ್ರಶ್ನೆ. 2000ದಲ್ಲಿ ಶುರಿ ಕೋಟೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗಲೂ ಮಾನ್ಯತೆ ಸಿಕ್ಕಿದ್ದು ಕೋಟೆಯ ಹಳೆಯ ಅವಶೇಷಕ್ಕೆ, ಮರಳಿ ಕಟ್ಟಿದ ಅರಮನೆಗಲ್ಲ. ಅದೇ ವರ್ಷ ಜಪಾನ್ 2,000 ಯೆನ್ ನೋಟಿನ ಮೇಲೆ ಶುರೇಯ್‌ಮೊನ್‌ನ ಚಿತ್ರ ಹಾಕಿತು. 2019ರ ಅಕ್ಟೋಬರ್ 31ರಂದು ಅರಮನೆ ಮತ್ತೆ ಸುಟ್ಟಾಗ ಜನ ನಿಂತು ಅತ್ತರು. ಸುಟ್ಟದ್ದು 1992ರ ಕಟ್ಟಡ ಅಂತ ಅವರಿಗೆ ಗೊತ್ತಿರಲಿಲ್ಲವೇ? ಮರ ಹೊಸದು, ನೆನಪು ಹಳೆಯದು. ನನ್ನ ಲೆಕ್ಕದಲ್ಲಿ ಅದು ನಕಲಿಯಲ್ಲ.

ಆದರೆ ಕಂಬ, ಹೆಂಚು ಎದ್ದಷ್ಟು ಸುಲಭವಾಗಿ ಮಾತು ಏಳಲಿಲ್ಲ. 2009ರಲ್ಲಿ ಯುನೆಸ್ಕೊ ಒಕಿನಾವಾದ ಭಾಷೆಯನ್ನು ಅಳಿವಿನ ಅಂಚಿನ ಭಾಷೆಗಳ ಪಟ್ಟಿಗೆ ಸೇರಿಸಿತು. ಅದನ್ನು ಸರಾಗವಾಗಿ ಆಡುವವರು ಹೆಚ್ಚಾಗಿ ಹಿರಿಯರೇ.

ಇನ್ನೊಂದು. ಕೋಟೆಗೆ ಹೋದವರು ಸುರಂಗದ ಬಗ್ಗೆ ಹಾಕಿರುವ ವಿವರಣೆಯ ಫಲಕವನ್ನೂ ಹುಡುಕಿ ಓದಿ. 2012ರಲ್ಲಿ ಅದನ್ನು ಬರೆಯುವಾಗ, ಗೂಢಚಾರರೆಂದು ಊರ ಜನರನ್ನು ಕೊಂದ ಮಾತನ್ನೂ, ಸೈನಿಕರಿಗಾಗಿ ಹೆಂಗಸರನ್ನು ಅಲ್ಲಿ ಇಟ್ಟುಕೊಂಡಿದ್ದ ಮಾತನ್ನೂ ಪ್ರಾಂತ ಸರಕಾರ ಕರಡಿನಿಂದ ತೆಗೆದುಹಾಕಿತು. ಸ್ಥಳೀಯರು ಆಗಲೇ ಪ್ರತಿಭಟಿಸಿದರು. ಮೇಲಿನ ದ್ವಾರದ ನಾಲ್ಕು ಅಕ್ಷರಗಳನ್ನು ಮಾತ್ರ ಇದ್ದ ಹಾಗೇ ಮತ್ತೆ ಬರೆದಿದ್ದಾರೆ.