ಒಂದು ವರ್ಷ ಇದ್ದು ಹೋದ ಟಿವಿ

ಕಳೆದ ಬೇಸಿಗೆಯಲ್ಲಿ ಕುಡಿಯುವ ನೀರಿನ ಸುದ್ದಿಗೆಂದು ರಾಯಚೂರು ಜಿಲ್ಲೆಯ ಒಂದು ಹಳ್ಳಿಗೆ ಹೋಗಿದ್ದೆ. ಫೋಟೊ ಕಳಿಸಲು ನೆಟ್‌ವರ್ಕ್ ಸಿಗಲಿಲ್ಲ. ಶಾಲೆಯ ಮಾಳಿಗೆ ಹತ್ತಿ ಮೊಬೈಲ್ ಎತ್ತಿ ಹಿಡಿದು ನಿಂತಿದ್ದೆ. ಕೆಳಗೆ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ನಕ್ಕರು. "ಅಲ್ಲೇ ನೋಡು ತಮ್ಮಾ, ಆವಾಗ ಛತ್ರಿ ಕುಂದರಿಸಿದ್ರು. ಟಿವಿ ಬಂತು, ಒಂದ್ ವರ್ಷ ಇತ್ತು, ಹೋತು."

ಅವರು ಹೇಳಿದ್ದು 'ಸೈಟ್' ಪ್ರಯೋಗದ ಬಗ್ಗೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ದೇಶದ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿವಿ ಬಂತು. ಕರ್ನಾಟಕದಿಂದ ಆಯ್ಕೆಯಾಗಿದ್ದು ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು. ಆಗಿನ್ನೂ ಬಾಗಲಕೋಟೆ, ಕೊಪ್ಪಳ, ಯಾದಗಿರಿ ಬೇರೆ ಜಿಲ್ಲೆಗಳಾಗಿರಲಿಲ್ಲ. ಬೆಂಗಳೂರಿನ ಮನೆಗಳಲ್ಲೇ ಟಿವಿ ಇಲ್ಲದ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಅದು ಇತ್ತು. ಹಿಂದುಳಿದವರು ಎಂದು ಕರೆಸಿಕೊಂಡ ನಮಗೆ ಮೊದಲ ಪಂಕ್ತಿ ಸಿಕ್ಕ ಅಪರೂಪದ ಸಂದರ್ಭ ಅದು.

ಇದರ ಹಿಂದೆ ಇದ್ದದ್ದು ವಿಕ್ರಮ್ ಸಾರಾಭಾಯ್ ಅವರ ಯೋಚನೆ. ಟಿವಿಯ ರೇಡಿಯೊ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ಭೂಮಿ ದುಂಡಗಿರುವುದರಿಂದ ಒಂದು ಗೋಪುರದ ಸಂಕೇತ ಕೆಲವು ಹತ್ತು ಕಿಲೋಮೀಟರ್ ದಾಟಿದರೆ ಸಿಗುವುದಿಲ್ಲ. ಹಳ್ಳಿಹಳ್ಳಿಗೂ ಮುಟ್ಟಿಸಬೇಕಾದರೆ ದೇಶದ ತುಂಬ ಗೋಪುರ ನಿಲ್ಲಿಸಬೇಕು. ಅದರ ಬದಲು ಆಕಾಶದಲ್ಲೇ ಒಂದು ಗೋಪುರ ಇದ್ದರೆ? ಈ ಲೆಕ್ಕದ ಮೇಲೆ 1969ರಲ್ಲಿ ನಾಸಾ ಜೊತೆ ಒಪ್ಪಂದವಾಯಿತು. ಅದು ಫಲ ಕೊಡುವುದನ್ನು ನೋಡಲು ಸಾರಾಭಾಯ್ ಇರಲಿಲ್ಲ. 1971ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು.

ಉಪಗ್ರಹದ ಹೆಸರು ಎಟಿಎಸ್-6. ಸಮಭಾಜಕದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಉಪಗ್ರಹ ಭೂಮಿಯ ಜೊತೆಗೇ ದಿನಕ್ಕೊಂದು ಸುತ್ತು ಬರುತ್ತದೆ. ಹಾಗಾಗಿ ನೆಲದಿಂದ ನೋಡಿದರೆ ನಿಂತಲ್ಲೇ ನಿಂತಂತೆ. ಛತ್ರಿಯನ್ನು ಒಮ್ಮೆ ತಿರುಗಿಸಿ ಬಿಗಿ ಮಾಡಿದರೆ ಸಾಕು.

ಅಹಮದಾಬಾದಿನ ಭೂಕೇಂದ್ರದಿಂದ ಕಾರ್ಯಕ್ರಮ ಸುಮಾರು 6 ಗಿಗಾಹರ್ಟ್ಸ್ ಅಲೆಯಲ್ಲಿ ಮೇಲಕ್ಕೆ ಹೋಗುತ್ತಿತ್ತು. ಅಷ್ಟು ದೂರ ಸಾಗುವಷ್ಟರಲ್ಲಿ ಸಂಕೇತ ತೀರಾ ಕ್ಷೀಣಿಸುತ್ತದೆ. ಉಪಗ್ರಹ ಅದನ್ನು ಹಿಡಿದು, ಬಲಪಡಿಸಿ, 860 ಮೆಗಾಹರ್ಟ್ಸ್‌ಗೆ ಬದಲಿಸಿ ಕೆಳಕ್ಕೆ ಕಳಿಸುತ್ತಿತ್ತು. ಏರುವ ಅಲೆ, ಇಳಿಯುವ ಅಲೆ ಬೇರೆ ಬೇರೆ ಯಾಕೆಂದರೆ, ಎರಡೂ ಒಂದೇ ಆಗಿದ್ದರೆ ಉಪಗ್ರಹದ ಸ್ವಂತ ಕೂಗಿನಲ್ಲಿ ನೆಲದಿಂದ ಬಂದ ಪಿಸುಮಾತು ಮುಚ್ಚಿಹೋಗುತ್ತದೆ. ಹೋಗಿ ಬರುವ 72,000 ಕಿ.ಮೀ. ದಾರಿಗೆ ಅಲೆಗೆ ಬೇಕಿದ್ದದ್ದು ಕಾಲು ಸೆಕೆಂಡು.

ಕೆಳಗೆ ಕಳಿಸುವ ಶಕ್ತಿ ಬರೀ 80 ವ್ಯಾಟ್, ಹಳೆಯ ಬಲ್ಬಿನಷ್ಟು. ಆದರೆ ಉಪಗ್ರಹದ ಆಂಟೆನಾ 9 ಮೀಟರ್ ಅಗಲದ್ದು. ಟಾರ್ಚಿನ ಬೆಳಕಿನಂತೆ ಅದು ಸಂಕೇತವನ್ನು ಒಂದೇ ಕಡೆ ಹರಿಸುತ್ತಿತ್ತು. ಮೇಲಿನದ್ದು ದೊಡ್ಡದಾದ್ದರಿಂದ ಕೆಳಗಿನದ್ದು ಅಗ್ಗವಾಯಿತು. ಹಳ್ಳಿಯಲ್ಲಿ ಬೇಕಿದ್ದದ್ದು ಕೋಳಿಗೂಡಿಗೆ ಬಡಿಯುವಂಥ ತಂತಿಜಾಲರಿಯ 10 ಅಡಿ ಛತ್ರಿ, ಒಂದು ಸಂಕೇತ ಪರಿವರ್ತಕ ಪೆಟ್ಟಿಗೆ, ಒಂದು ಟಿವಿ.

ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ. ಸಂಜೆಯ ಅರ್ಧ ಗಂಟೆ ಎಲ್ಲರಿಗೂ ಒಂದೇ, ಹಿಂದಿಯಲ್ಲಿ. ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ದೇಶದಲ್ಲಿ ತುರ್ತು ಪರಿಸ್ಥಿತಿ ಇದ್ದ ವರ್ಷ ಅದು ಎಂಬುದನ್ನೂ ಮರೆಯುವಂತಿಲ್ಲ. ಮೇಲಿಂದ ಬಂದದ್ದನ್ನು ನೋಡಬಹುದಿತ್ತು, ಕೇಳಬಹುದಿತ್ತು. ಹಳ್ಳಿಯ ಛತ್ರಿಗೆ ಹಿಡಿಯುವುದು ಗೊತ್ತಿತ್ತು, ಕಳಿಸುವುದು ಗೊತ್ತಿರಲಿಲ್ಲ. ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಮಾತ್ರ ಪೀಜ್ ಎಂಬಲ್ಲಿ ಸ್ಥಳೀಯ ಟ್ರಾನ್ಸ್‌ಮಿಟರ್ ಇತ್ತು. ಅಲ್ಲಿ ಹಳ್ಳಿಯ ಜನರೇ ಕ್ಯಾಮೆರಾ ಮುಂದೆ ಬಂದು ತಮ್ಮ ಕಷ್ಟ ಹೇಳಿಕೊಂಡರು. ನಮ್ಮ ಕಡೆ ಆ ಏರ್ಪಾಡು ಇರಲಿಲ್ಲ.

ವರ್ಷ ಮುಗಿಯಿತು. ಉಪಗ್ರಹ ಅಮೆರಿಕದ ಕಡೆಗೆ ಮರಳಿತು. 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಟ್ರಾನ್ಸ್‌ಮಿಟರ್ ಶುರುವಾದರೂ ಅದು ಮುಟ್ಟಿದ್ದು ಸುತ್ತಲಿನ ಊರುಗಳನ್ನಷ್ಟೇ. ಆದರೆ ಕಲಿತದ್ದು ಉಳಿಯಿತು. 1982ರಲ್ಲಿ ಹಾಸನದಲ್ಲಿ ಉಪಗ್ರಹ ನಿಯಂತ್ರಣ ಕೇಂದ್ರ ಬಂತು, 1983ರಲ್ಲಿ ಇನ್ಸಾಟ್-1ಬಿ ಮೇಲೇರಿತು. ಬೇರೆಯವರ ಉಪಗ್ರಹ ಬಾಡಿಗೆಮನೆ ಇದ್ದಂತೆ ಎಂಬುದು ಎಲ್ಲರಿಗೂ ಅರ್ಥವಾಗಿತ್ತು.

ಈಗ ಮನೆಮನೆಗೂ ಡಿಶ್ ಇದೆ, ನೂರಾರು ಚಾನೆಲ್ ಇಳಿಯುತ್ತವೆ. ಆದರೆ ಆ ಊರಿನ ನೀರಿನ ಸುದ್ದಿ ಮೇಲೇರಲು ಮಾಳಿಗೆಯೂ ಸಾಲಲಿಲ್ಲ. ಫೋಟೊ ಹೋಗಿದ್ದು ನಾನು ಬೈಕ್ ಹತ್ತಿ ಹೆದ್ದಾರಿಗೆ ಬಂದ ಮೇಲೆ.