ಗ್ಲೊರಾಂಥಾದ ಪಾತಾಳಯಾನ

ಗ್ಲೊರಾಂಥಾ ಎಂಬುದು ಅಮೆರಿಕದ ಗ್ರೆಗ್ ಸ್ಟಾಫರ್ಡ್ (1948–2018) 1966ರಲ್ಲಿ ಬರೆಯತೊಡಗಿದ ಕಲ್ಪಿತ ಜಗತ್ತು. 1975ರಲ್ಲಿ ‘ವೈಟ್ ಬೇರ್ ಅಂಡ್ ರೆಡ್ ಮೂನ್’ ಎಂಬ ಬೋರ್ಡ್ ಆಟವಾಗಿ, 1978ರಲ್ಲಿ ‘ರೂನ್‌ಕ್ವೆಸ್ಟ್’ ಎಂಬ ರೋಲ್ ಪ್ಲೇಯಿಂಗ್ ಆಟವಾಗಿ ಅದು ಜನರ ಕೈಗೆ ಬಂತು. ಅದಕ್ಕೂ ಮೊದಲು, 1974ರ ‘ಡಂಜನ್ಸ್ ಅಂಡ್ ಡ್ರಾಗನ್ಸ್’ನ ಮೂರನೆಯ ಕಿರುಪುಸ್ತಕದ ಹೆಸರಿನಲ್ಲೇ ಪಾತಾಳ ಇತ್ತು. ಆದರೆ ಅಲ್ಲಿನ ಪಾತಾಳವೆಂದರೆ ಹಾಳು ಕೋಟೆಯಡಿಯ ಸುರಂಗ, ಕಾವಲಿಗೆ ನಿಂತ ಭೂತ, ದೋಚಿ ತರಬೇಕಾದ ನಿಧಿ. ಗ್ಲೊರಾಂಥಾದ ವೀರರು ಪಾತಾಳಕ್ಕೆ ಇಳಿಯುವುದು ಮುಖ್ಯವಾಗಿ ಮಾಡಿದ ತಪ್ಪಿನ ಋಣ ತೀರಿಸಲಿಕ್ಕೆ. ಆ ಜಗತ್ತಿನ ಚರಿತ್ರೆಯೂ ಆಟದ ನಿಯಮಗಳೂ ಬೆಳೆದ ದಾರಿ ಈ ವ್ಯತ್ಯಾಸದಿಂದಲೇ ಅರ್ಥವಾಗುತ್ತದೆ.

ಎಲ್ಲಕ್ಕೂ ಮೂಲ ‘ಬೆಳಕು ತಂದವರ’ ಪುರಾಣ. ಬಿರುಗಾಳಿಯ ದೇವರಾದ ಒರ್ಲಾಂತ್ ಸೂರ್ಯಚಕ್ರವರ್ತಿ ಯೆಲ್ಮ್‌ನನ್ನು ಮೃತ್ಯುವೆಂಬ ಆಯುಧದಿಂದ ಕೊಲ್ಲುತ್ತಾನೆ. ಸೂರ್ಯ ಪಾತಾಳ ಸೇರುತ್ತಾನೆ, ಮೇಲೆ ಕತ್ತಲು ಕವಿಯುತ್ತದೆ, ಸೃಷ್ಟಿಯನ್ನೇ ಅಳಿಸುವ ಕೇಯಾಸ್ ಒಳನುಗ್ಗುತ್ತದೆ. ಆಗ ಒರ್ಲಾಂತ್ ಏಳು ಮಂದಿಯ ತಂಡ ಕಟ್ಟಿಕೊಂಡು ಪಡುವಣದ ಬಾಗಿಲಿನಿಂದ ಕೆಳಗಿಳಿಯುತ್ತಾನೆ. ಜೊತೆಗಿದ್ದವರು ಯಾರೆಂಬುದನ್ನು ಗಮನಿಸಬೇಕು: ವೈದ್ಯದೇವಿ ಚಲನಾ ಅರಾಯ್, ವ್ಯಾಪಾರದ ಇಸ್ಸಾರೀಸ್, ವಿದ್ಯೆಯ ಲ್ಹಾಂಕೊರ್ ಮೈ, ಕಿಡಿಗೇಡಿ ಯೂರ್ಮಲ್. ದಂಡೆತ್ತಿ ಹೋಗುವವನು ಇಂಥವರನ್ನು ಆರಿಸಿಕೊಳ್ಳುವುದಿಲ್ಲ. ಪಾತಾಳದಲ್ಲಿ ಒರ್ಲಾಂತ್ ಪರೀಕ್ಷೆಗಳಿಗೆ ಒಳಗಾಗಿ, ತಾನು ಕೊಂದವನ ಎದುರು ತಪ್ಪೊಪ್ಪಿಕೊಳ್ಳುತ್ತಾನೆ. ಸಾವಿತ್ರಿ ಯಮನಿಂದ ಗಂಡನನ್ನು ಮರಳಿ ಪಡೆದದ್ದು ಮಾತಿನ ಬಲದಿಂದ, ಅವಳ ಕಡೆ ಅಪರಾಧವೇನೂ ಇರಲಿಲ್ಲ. ಒರ್ಲಾಂತ್ ಬಿಡಿಸಿ ತರಬೇಕಾದದ್ದು ತನ್ನದೇ ಕೈಯಿಂದ ಸತ್ತವನನ್ನು. ಪಾತಾಳದಲ್ಲಿ ದೇವತೆಗಳು ಮಾಡಿಕೊಂಡ ಮಹಾ ಒಪ್ಪಂದದಿಂದ ಸೂರ್ಯ ಮರಳುತ್ತಾನೆ, ಕಾಲ ಶುರುವಾಗುತ್ತದೆ.

ಇದು ಗೆದ್ದವರು ತಮಗೆ ಬೇಕಾದಂತೆ ಕಟ್ಟಿಕೊಂಡ ಕಥೆಯಲ್ಲವೇ ಎಂದು ಕೇಳಬಹುದು. ಈ ಆಕ್ಷೇಪಕ್ಕೆ ಗ್ಲೊರಾಂಥಾದ ಒಳಗೇ ಉತ್ತರವಿದೆ, ಮತ್ತು ನನ್ನ ದೃಷ್ಟಿಯಲ್ಲಿ ಸ್ಟಾಫರ್ಡ್ ಬಳಗದ ದೊಡ್ಡ ಸಾಧನೆ ಅದೇ. ಸ್ಟಾಫರ್ಡ್ ಮತ್ತು ಸ್ಯಾಂಡಿ ಪೀಟರ್ಸನ್ 1982ರಲ್ಲಿ ತಂದ ‘ಟ್ರೋಲ್‌ಪ್ಯಾಕ್’ ಇದೇ ಘಟನೆಯನ್ನು ಟ್ರೋಲ್‌ಗಳ ಕಡೆಯಿಂದ ಹೇಳುತ್ತದೆ. ಪಾತಾಳದ ‘ವಂಡರ್‌ಹೋಮ್’ ಅವರ ತವರು. ತಂಪಾದ, ತುಂಬಿದ ಕತ್ತಲಲ್ಲಿ ಅವರು ಸುಖವಾಗಿದ್ದರು. ಸತ್ತ ಸೂರ್ಯ ಉರಿಯುತ್ತಲೇ ಅಲ್ಲಿಗೆ ಬಂದಾಗ ಬೆಂದು, ಕುರುಡಾಗಿ, ಮನೆಮಠ ಬಿಟ್ಟು ಮೇಲಿನ ನೆಲಕ್ಕೆ ಓಡಿಬಂದರು. ಮನುಷ್ಯರು ರಾಕ್ಷಸರೆಂದು ಬೈಯುವವರು ಹೀಗೆ ಒರ್ಲಾಂತನ ಅಪರಾಧದಿಂದಲೇ ನಿರಾಶ್ರಿತರಾದವರು. ಪಾತಾಳವೂ ಯಾರದೋ ಊರು ಎಂದು ಒಪ್ಪಿಕೊಂಡ ಮೇಲೆ ಅಲ್ಲಿಗೆ ನಿಧಿಗಾಗಿ ಹೋಗುವುದು ಬರೀ ಸಾಹಸವಾಗಿ ಉಳಿಯುವುದಿಲ್ಲ.

ಹಾಗೆ ಹೋದವರಿಲ್ಲವೆಂದಲ್ಲ. ಮೊದಲ ಬೋರ್ಡ್ ಆಟದಲ್ಲೇ ಕಾಣಿಸಿಕೊಳ್ಳುವ ಸರ್ ಎಥಿಲ್‌ರಿಸ್ಟ್ ಪಾತಾಳಕ್ಕೆ ಹೋಗಿ ತನ್ನ ಪಡೆಗೆ ಪೈಶಾಚಿಕ ಕರಿಗುದುರೆಗಳನ್ನು ತಂದವನು. ನನ್ನ ವಾದಕ್ಕೆ ಇವನೇ ಗಟ್ಟಿಯಾದ ಅಡ್ಡಿ. ಆದರೆ ಅವನು ಕೂಲಿಸೈನ್ಯದ ನಾಯಕನಾಗಿಯೇ ಉಳಿದ. ಜಗತ್ತಿನ ದಿಕ್ಕು ಬದಲಿಸಿದವರು ಒರ್ಲಾಂತನ ದಾರಿಯನ್ನು ಮತ್ತೆ ನಡೆದವರು. ಬರಿಗಾಲಿನ ಹಾರ್ಮಾಸ್ಟ್ ಎರಡು ಸಲ ಹೋಗಿ ಮೊದಲು ಅರ್ಕಾಟ್‌ನನ್ನು, ಆಮೇಲೆ ನಗುವ ಯೋಧ ಟ್ಯಾಲೊರ್‌ನನ್ನು ಕರೆತಂದ. ಅರ್ಕಾಟ್ ತನ್ನ ಶತ್ರುವನ್ನು ಮುಗಿಸಿದನಾದರೂ ಅದಕ್ಕಾಗಿ ತಾನೇ ಟ್ರೋಲ್ ಆಗಬೇಕಾಯಿತು. 1992ರ ‘ಕಿಂಗ್ ಆಫ್ ಸಾರ್ಟಾರ್’ ಪುಸ್ತಕದ ನಾಯಕ ಅರ್‌ಗ್ರಾತ್ ಬಿಡಿಸಿ ತಂದದ್ದು ಕ್ರೂರಿ ಶೆಂಗ್ ಸೆಲೆರಿಸ್‌ನನ್ನು. ಋಣದ ಲೆಕ್ಕ ಹೀಗೆ ಒಂದೇ ಯಾನಕ್ಕೆ ಚುಕ್ತಾ ಆಗುವುದಿಲ್ಲ.

ಇನ್ನೊಂದು ಆಕ್ಷೇಪ ಆಟಗಾರರದು: ಕಥೆ ಮೊದಲೇ ಗೊತ್ತಿದ್ದರೆ ಆಡುವುದೇನು? ಇದು ನಿಜವಾದ ತೊಡಕು. ಹೀಗೆ ಪುರಾಣದ ದಾರಿಯನ್ನು ಮತ್ತೆ ನಡೆಯುವ ‘ವೀರಯಾನ’ಕ್ಕೇ ಮೀಸಲಾದ ಆಟ ಬರಲಿದೆಯೆಂದು 1978ರಲ್ಲೇ ಸೂಚಿಸಿದ್ದರೂ ರಾಬಿನ್ ಲಾಸ್ ರೂಪಿಸಿದ ‘ಹೀರೋ ವಾರ್ಸ್’ ಬಂದದ್ದು 2000ದಲ್ಲಿ. 2003ರಲ್ಲಿ ಅದು ‘ಹೀರೋಕ್ವೆಸ್ಟ್’ ಎಂಬ ಹೆಸರು ಪಡೆಯಿತು. ತೃಪ್ತಿಕರ ಉತ್ತರ ಅದಕ್ಕೂ ಮೊದಲೇ ಕಂಪ್ಯೂಟರಿನಲ್ಲಿ ಸಿಕ್ಕಿತ್ತು. 1999ರ ‘ಕಿಂಗ್ ಆಫ್ ಡ್ರಾಗನ್ ಪಾಸ್’ನ ವೀರಯಾನಗಳೆಲ್ಲ ಪಾತಾಳದವಲ್ಲ, ಆದರೆ ವಿಧಾನ ಒಂದೇ. ಆಟಗಾರ ಕುಲದ ಒಬ್ಬನನ್ನು ಆರಿಸಿ, ಪೂಜೆಯ ಶಕ್ತಿ ಕೂಡಿಟ್ಟು, ನೆರೆಯ ಕುಲಗಳ ಬೆಂಬಲ ಕೇಳಿ ಅವನನ್ನು ಕಳಿಸುತ್ತಾನೆ. ಪುರಾಣ ಓದಿಕೊಂಡಿದ್ದರೂ ದಾರಿಯಲ್ಲಿ ಎದುರಾಗುವುದು ಕೆಲವೊಮ್ಮೆ ಪುರಾಣದಂತೆ ಇರುವುದಿಲ್ಲ. ಹೋದವನು ಗಾಯಗೊಂಡು ಬರಬಹುದು, ಬಾರದೆಯೂ ಹೋಗಬಹುದು. ನಾಟಕದ ಮಾತು ಬಾಯಿಪಾಠವಿದ್ದ ಮಾತ್ರಕ್ಕೆ ಪಾತ್ರ ಮೈದುಂಬುವುದಿಲ್ಲವಲ್ಲ, ಹಾಗೆ. ಈ ಕಂಪ್ಯೂಟರ್ ಆಟ ರೂಪಿಸಿದ ಬಳಗದ್ದೇ ಆದ ‘ಸಿಕ್ಸ್ ಏಜಸ್’ ಸರಣಿಯ ಎರಡನೆಯ ಆಟ (2023) ಇನ್ನೂ ಹಿಂದಕ್ಕೆ, ಸೂರ್ಯ ಮರಳುವ ಮುಂಚಿನ ಮಹಾ ಕತ್ತಲಿಗೆ ಹೋಗುತ್ತದೆ. ಅಲ್ಲಿ ಒಂದು ಕುಲದ ಹೊಣೆ ಆಟಗಾರನದು, ಅದನ್ನು ಉಳಿಸಿಕೊಳ್ಳುವುದೇ ಅವನ ಕೆಲಸ.